ಮೊದಲ ಪಂಕ್ತಿಗೆ ಮೆಕ್ಯಾನಿಕ್ಕನ್ನು ಕರೆ

ಮೈಸೂರಿನಲ್ಲಿ ಹಳೆ ಗಾಡಿ ಇಟ್ಟುಕೊಂಡವರನ್ನೆಲ್ಲ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಒಂದು ಕಡೆ ಸೇರಿಸಬೇಕು ಅಂತ ನೀನು ಹೊರಟಿರುವುದು ಕೇಳಿ ಬಹಳ ಸಂತೋಷವಾಯಿತು, ಮರಿ. ನೀನು ಬರೆದಿಟ್ಟ ಪಟ್ಟಿಯನ್ನೂ ಓದಿದೆ. ಬ್ಯಾನರು, ಮುಖ್ಯ ಅತಿಥಿ, ಮೂರು ಬಹುಮಾನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಮೇಲಿನಿಂದ ಫೋಟೊ ತೆಗೆಯಲು ಡ್ರೋನು. ಇದರಲ್ಲಿ ಮುಕ್ಕಾಲು ಪಾಲು ಬೇಡ. ಬೇಕೇ ಬೇಕಾದ ಒಂದು ಹೆಸರು ಮಾತ್ರ ಅದರಲ್ಲಿಲ್ಲ. ಅದು ನಿನ್ನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್‌ನ ಹೆಸರು.

ಹಳೆ ಗಾಡಿ ಓಡುತ್ತಿರುವುದು ಮಾಲೀಕನ ದುಡ್ಡಿನಿಂದ ಮಾತ್ರ ಅಲ್ಲ ಕಣಪ್ಪ. ಕಾರ್ಬುರೇಟರ್ ಬಿಚ್ಚಿ, ಜೆಟ್ ಬಾಯಲ್ಲಿ ಊದಿ ಸ್ವಚ್ಛ ಮಾಡಿ, ಕಿವಿಯಲ್ಲೇ ಕೇಳಿ ಸ್ಲೋ ಸೆಟ್ ಮಾಡಬಲ್ಲವರು ಈಗ ಒಂದೊಂದು ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಹೊಸ ಹುಡುಗರು ಸ್ಕ್ಯಾನರ್ ಚುಚ್ಚಿ ದೋಷ ಓದುವುದನ್ನು ಕಲಿತವರು. ಅದು ಅವರ ತಪ್ಪಲ್ಲ, ಅವರ ಕೈಗೆ ಬರುವ ಗಾಡಿಗಳೇ ಹಾಗಿವೆ. ಆದರೆ ಅರವತ್ತರ ದಶಕದ ಫಿಯೆಟ್‌ಗೆ ಸ್ಕ್ಯಾನರ್ ಚುಚ್ಚುವ ಜಾಗವೇ ಇಲ್ಲ. ಅಂಬಾಸಡರ್ ತಯಾರಿಕೆ ಉತ್ತರಪಾಡಾದಲ್ಲಿ ನಿಂತದ್ದು 2014ರಲ್ಲಿ. ಪದ್ಮಿನಿ ಅದಕ್ಕೂ ಹತ್ತಕ್ಕಿಂತ ಹೆಚ್ಚು ವರ್ಷ ಮೊದಲೇ ಹೋಯಿತು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಎಪ್ಪತ್ತರ ದಶಕದ ಆರಂಭಕ್ಕೇ ಮುಗಿದಿತ್ತು. ಕಂಪನಿ ಇಲ್ಲ, ಶೋರೂಮ್ ಇಲ್ಲ, ಬಿಡಿಭಾಗ ಎಲ್ಲಿ ಸಿಗುತ್ತದೆ ಅನ್ನುವ ಲೆಕ್ಕವೆಲ್ಲ ಆ ಹಿರಿಯ ಮೆಕ್ಯಾನಿಕ್‌ಗಳ ತಲೆಯಲ್ಲಿದೆ.

ಹಾಗಿದ್ದೂ ಕಾರು ಪ್ರದರ್ಶನಗಳಿಗೆ ಅವರನ್ನು ಯಾರೂ ಕರೆಯುವುದಿಲ್ಲ. ಅವರ ಬಳಿ ಕಾರಿಲ್ಲವಲ್ಲ! ನೀನು ಕರೆ. ಫೋನಿನಲ್ಲಿ ಸಂದೇಶ ಕಳಿಸಿ ಕೈತೊಳೆದುಕೊಳ್ಳಬೇಡ, ಗ್ಯಾರೇಜಿಗೇ ಹೋಗಿ ಕರೆ. ಅವತ್ತಿನ ಅವರ ತಿಂಡಿ ಕಾಫಿ ಕೂಟದ ಲೆಕ್ಕಕ್ಕೆ ಇರಲಿ, ಕೂರಲು ಒಂದು ಕುರ್ಚಿ ಇರಲಿ. ಇನ್ನೊಂದು ಮಾತು ಮುಖ್ಯ. ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿರುತ್ತಾರೆ. ಬಂದ ಕೂಡಲೇ ಬಾನೆಟ್ ಎತ್ತಿ, ‘ಅಣ್ಣಾ, ಸ್ವಲ್ಪ ನೋಡಿ, ಏನೋ ಶಬ್ದ’ ಅಂತ ಯಾರೂ ಅನ್ನಬಾರದು. ಇದನ್ನು ಎಲ್ಲರಿಗೂ ಮೊದಲೇ ತಿಳಿಸಿಬಿಡು. ಅವರಾಗಿ ಎದ್ದು ಹೋಗಿ ಕೈ ಹಾಕಿದರೆ ಅದು ಅವರ ಪ್ರೀತಿ. ಕೆಲಸ ಮಾಡಿಸಿಕೊಂಡರೆ ಕೂಲಿ ಕೊಡಬೇಕು, ಭಾನುವಾರವಾದರೂ, ಗೆಳೆತನವಾದರೂ.

ಮೈಸೂರಿನವರಿಗೆ ಇನ್ನೊಂದು ಭಾಗ್ಯವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಜಾವಾ, ಆಮೇಲೆ ಯೆಜ್ಡಿ, ದೇಶದ ತುಂಬ ಓಡಿದವೆಲ್ಲ ಇಲ್ಲಿಂದ ಹೊರಟವು. ಅಲ್ಲಿ ಕೆಲಸ ಮಾಡಿದವರಲ್ಲಿ ಹಲವರು ಇದೇ ಊರಿನಲ್ಲಿ ವಯಸ್ಸಾಗಿ ಮನೆಯಲ್ಲಿದ್ದಾರೆ. ಅಂಥ ಇಬ್ಬರನ್ನು ಹುಡುಕಿ ಕರೆದುಕೊಂಡು ಬಾ. ಕಿಕ್ಕರನ್ನು ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್ ಆಗುವ ಉಪಾಯವನ್ನು ಇಪ್ಪತ್ತು ವರ್ಷದ ಹುಡುಗನಿಗೆ ಅವರ ಕೈಯೇ ತೋರಿಸಬೇಕು. ಮುಖ್ಯ ಅತಿಥಿ ಬೇಕು ಅಂತಿದ್ದೆಯಲ್ಲ, ಇವರಿಗಿಂತ ಯಾರು ಬೇಕು? ಕಾರಿನ ಕೂಟಕ್ಕೆ ಬೈಕು ಯಾಕೆ ಅಂತ ಯಾರಾದರೂ ತಕರಾರು ತೆಗೆದರೆ, ಇದು ಮೈಸೂರು ಅಂತ ಹೇಳು, ಸಾಕು. ಬೈಕುಗಳಿಗೆ ಅಂಗಳದ ಒಂದು ಮೂಲೆ ಬಿಟ್ಟುಕೊಡು. ಟೂ ಸ್ಟ್ರೋಕ್ ಹೊಗೆ ತಿಂಡಿಯ ಮೇಜಿನ ಕಡೆ ಬೀಸದ ಮೂಲೆ ಆಗಿರಲಿ.

ಈಗ ಜಾಗದ ವಿಚಾರ. ಚಾಮುಂಡಿ ಬೆಟ್ಟದ ಮೇಲೆ ಸೇರೋಣ ಅಂತ ನಿನ್ನ ಸ್ನೇಹಿತರು ಹಠ ಹಿಡಿದಿದ್ದಾರಂತೆ. ಬೇಡ. ಭಾನುವಾರ ಬೆಳಗ್ಗೆ ಬೆಟ್ಟ ಭಕ್ತರದ್ದು. ಮೇಲೆ ಹತ್ತುವಾಗ ಮುಂದೊಂದು ಬಸ್ಸು ನಿಂತರೆ, ಸೆಕೆಂಡ್ ಗೇರಿನಲ್ಲಿ ತೆವಳುವ ಅಂಬಾಸಡರ್ ತಿರುವಿನಲ್ಲೇ ಕುದಿಯುತ್ತದೆ. ಇಳಿಯುವಾಗ ಇನ್ನೂ ಕಷ್ಟ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್ ಇರುವ ಗಾಡಿಯನ್ನು ಬ್ರೇಕ್ ಮೇಲೆಯೇ ಇಳಿಸಿದರೆ ಡ್ರಮ್ ಕಾದು, ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಹಳಬರು ಹತ್ತಿದ ಗೇರಿನಲ್ಲೇ ಇಳಿಸುತ್ತಿದ್ದರು. ಹೊಸಬರಿಗೆ ಅದು ಅಭ್ಯಾಸವಿಲ್ಲ. ಲಲಿತಮಹಲ್ ಕಡೆಯ ರಸ್ತೆ ನೋಡಲು ಚೆಂದ, ನಿಜ. ಅಗಲವಾದ ನೇರ ರಸ್ತೆ ಸಿಕ್ಕಿದರೆ ಯಾರಿಗಾದರೂ ಕಾಲು ತುರಿಸುತ್ತದೆ. ಒಬ್ಬ ಎಳೆದರೂ ನಿನ್ನ ಕೂಟಕ್ಕೆ ಅವತ್ತೇ ಕೊನೆ.

ಊರ ಹೊರಗೆ, ಸಮತಟ್ಟು ರಸ್ತೆಗೆ ಸೇರಿದಂತೆ, ಮಣ್ಣಿನ ಅಂಗಳವೂ ಎರಡು ಮರವೂ ಇರುವ ಒಂದು ತಿಂಡಿ ಹೋಟೆಲ್ ಹುಡುಕು. ಶ್ರೀರಂಗಪಟ್ಟಣದ ದಿಕ್ಕು ನನಗೆ ಇಷ್ಟ. ದಾರಿ ಚಪ್ಪಟೆ, ದೂರ ಕಡಿಮೆ. ಧರ್ಮಸ್ಥಳದವರ ‘ಪಯಣ’ ಎಂಬ ಹಳೆ ಕಾರುಗಳ ಸಂಗ್ರಹಾಲಯವೂ ಆ ಕಡೆಯೇ ಇರುವುದರಿಂದ, ತಿಂಡಿ ಮುಗಿದ ಮೇಲೆ ಮನೆಯವರನ್ನು ಕರೆತಂದವರಿಗೆ ಹೋಗಲು ಒಂದು ಜಾಗವಾಗುತ್ತದೆ. ಮಂಡ್ಯ, ಮದ್ದೂರು ಕಡೆಯಿಂದ ಜಾವಾದಲ್ಲಿ ಬರುವವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಅರ್ಧ ಗಂಟೆ ಮೊದಲೇ ಹೊರಡಬೇಕು.

ಹೋಟೆಲಿನ ಯಜಮಾನರ ಹತ್ತಿರ ನೀನೇ ಹೋಗಿ ಮಾತಾಡು. ಎಷ್ಟು ಗಾಡಿ, ಎಷ್ಟು ಜನ, ಎಷ್ಟು ಹೊತ್ತು ಅನ್ನುವುದನ್ನು ನಿಜವಾಗಿ ಹೇಳು. ನಲವತ್ತು ಜನ ಒಟ್ಟಿಗೆ ಇಳಿದು ಇಡ್ಲಿ ಕೇಳಿದರೆ ಅಡುಗೆಯವರು ಏನು ಮಾಡಬೇಕು? ಹಿಂದಿನ ದಿನ ಮಧ್ಯಾಹ್ನವೇ ತಿಳಿಸಿದರೆ ಅವರು ಹಿಟ್ಟು ಹೆಚ್ಚಿಗೆ ರುಬ್ಬಿಟ್ಟುಕೊಳ್ಳುತ್ತಾರೆ. ಬಾಗಿಲ ಮುಂದಿನ ನಾಲ್ಕು ಪಾರ್ಕಿಂಗ್ ಜಾಗ ಅವರ ದಿನನಿತ್ಯದ ಗಿರಾಕಿಗಳಿಗೇ ಬಿಡಿ. ನಿಮ್ಮ ಕೂಟದಿಂದ ಅವರ ವ್ಯಾಪಾರ ಹೆಚ್ಚಬೇಕೇ ಹೊರತು ಹಾಳಾಗಬಾರದು.

ಎಣ್ಣೆಯ ವಿಷಯ ಹೇಳಲೇಬೇಕು. ಹಳೆ ಇಂಜಿನ್‌ಗಳು ನಿಂತಲ್ಲಿ ತೊಟ್ಟಿಕ್ಕುತ್ತವೆ. ಇಂಜಿನ್‌ನದೊಂದು ಹನಿ, ಗೇರ್ ಬಾಕ್ಸಿನದೊಂದು ಹನಿ, ಹಿಂದೆ ಡಿಫರೆನ್ಷಿಯಲ್ ಕೆಳಗೊಂದು. ಇಂಟರ್‌ಲಾಕ್ ಟೈಲ್ಸ್ ಮೇಲೆ ಆ ಕಪ್ಪು ಕಲೆ ಬಿದ್ದರೆ ಸೋಪು ಹಾಕಿ ಉಜ್ಜಿದರೂ ಹೋಗದು. ಚೆನ್ನಾಗಿ ನಡೆಯುತ್ತಿದ್ದ ಒಂದು ಕೂಟ ಈ ಕಲೆಗಳಿಂದಲೇ ಜಾಗ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಜಾಗದವರು ಜಗಳವಾಡಲಿಲ್ಲ, ಮುಂದಿನ ತಿಂಗಳು ಗೇಟು ತೆರೆಯಲಿಲ್ಲ, ಅಷ್ಟೆ. ಪ್ರತಿಯೊಬ್ಬರೂ ಡಿಕ್ಕಿಯಲ್ಲಿ ಒಂದು ದೊಡ್ಡ ರಟ್ಟು ತರಲಿ, ನಿಲ್ಲಿಸಿದ ಕೂಡಲೇ ಇಂಜಿನ್ ಕೆಳಗೆ ಸರಿಸಲಿ, ಹೋಗುವಾಗ ಮಡಚಿಕೊಂಡು ಒಯ್ಯಲಿ. ಒಂದು ಚೀಲ ಮರದ ಹೊಟ್ಟು ನೀನು ಇಟ್ಟುಕೊಂಡಿರು.

ನಿಲ್ಲಿಸುವುದರಲ್ಲೂ ಕ್ರಮ ಬೇಕು. ಎಲ್ಲ ಗಾಡಿಯೂ ಮುಖ ಹೊರಗೆ ಮಾಡಿ ನಿಲ್ಲಲಿ. ಸೆಲ್ಫ್ ಕೈಕೊಡುವ ಗಾಡಿ ಯಾವುದು ಅಂತ ಅದರ ಮಾಲೀಕನಿಗೆ ಗೊತ್ತಿರುತ್ತದೆ. ಅದನ್ನು ಇಳಿಜಾರು ಇರುವ ತುದಿಯಲ್ಲಿ ನಿಲ್ಲಿಸಿದರೆ ನಾಲ್ಕು ಜನ ತಳ್ಳಿ ಕಳಿಸುವುದು ಸುಲಭ. ಹ್ಯಾಂಡ್ ಬ್ರೇಕ್ ನಂಬಬೇಡಿ, ಚಕ್ರಕ್ಕೆ ಕಲ್ಲು ಕೊಡಿ, ಹೊರಡುವಾಗ ಆ ಕಲ್ಲು ತೆಗೆದು ಬದಿಗಿಡಿ. ಸ್ಟ್ಯಾಂಡರ್ಡ್ ಹೆರಾಲ್ಡ್ ಬಂದರೆ ಅದರ ಮುಂದೆ ಒಂದು ಮಾರು ಜಾಗ ಬಿಡು. ಅದರ ಬಾನೆಟ್ ಬೇರೆ ಕಾರುಗಳಂತಲ್ಲ. ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತದೆ. ಇಂಜಿನ್ ಮೂರು ಕಡೆಯಿಂದಲೂ ಬಯಲಾಗುತ್ತದೆ, ಮೆಕ್ಯಾನಿಕ್ಕು ಮುಂದಿನ ಟೈರಿನ ಮೇಲೇ ಕೂತು ಕೆಲಸ ಮಾಡಬಹುದು. ಶಾಲೆ ಮಕ್ಕಳನ್ನು ಕರೆದು ಮೊದಲು ಅದನ್ನೇ ತೋರಿಸು. ಡೈನಮೊ ಯಾವುದು, ಡಿಸ್ಟ್ರಿಬ್ಯೂಟರ್ ಯಾವುದು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲ ಬೆರಳು ಮಾಡಿ ತೋರಿಸಬಹುದು.

ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಯಾರ ಮನೆಯ ಶೆಡ್ಡಿನಲ್ಲಾದರೂ ಇದ್ದರೆ ಬಿಡಬೇಡ. ಎಂಬತ್ತರ ದಶಕದ ಆ ಎರಡು ಬಾಗಿಲಿನ, ಫೈಬರ್ ಮೈಯ ಪುಟ್ಟ ಕಾರನ್ನು ಕಂಡು ಇದು ಯಾವ ದೇಶದ್ದು ಅಂತ ಕೇಳುವ ಕನ್ನಡಿಗರೇ ಹೆಚ್ಚು. ಓಡದಿದ್ದರೆ ಎಳೆದು ತಂದರೂ ಸರಿ.

ಹೊತ್ತು ಬೆಳಗ್ಗೆ ಆರೂವರೆ. ಒಂಬತ್ತಕ್ಕೆ ಎಲ್ಲರೂ ಹೊರಟಿರಬೇಕು. ಇದು ಶಿಸ್ತಿನ ಮಾತಲ್ಲ, ಇಂಜಿನ್ನಿನ ಮಾತು. ಹಳೆ ಗಾಡಿಯ ಫ್ಯಾನ್ ತಿರುಗುವುದು ಇಂಜಿನ್ ಬೆಲ್ಟಿನಿಂದ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ನಿಧಾನ, ಫ್ಯಾನೂ ನಿಧಾನ, ಹಾಗಾಗಿ ರೇಡಿಯೇಟರ್ ಕಾಯುತ್ತದೆ. ಡೈನಮೊ ಇರುವ ಗಾಡಿಯಲ್ಲಿ ಆ ವೇಗಕ್ಕೆ ಬ್ಯಾಟರಿ ಚಾರ್ಜೂ ಆಗುವುದಿಲ್ಲ. ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುವುದರಿಂದ ಬಿಸಿಗೆ ಒಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಬೇಕು. ಬೆಳಗಿನ ತಂಪಿನಲ್ಲಿ ಬಂದು ಊರು ಏಳುವ ಮೊದಲು ಹೋದರೆ ಈ ಯಾವ ರಗಳೆಯೂ ಇಲ್ಲ. ರೇಡಿಯೇಟರ್ ಕುದಿದರೆ ಮುಚ್ಚಳ ತೆಗೆಯಲು ಯಾರನ್ನೂ ಬಿಡಬೇಡ. ತಣಿದ ಮೇಲೆ, ಗೋಣಿ ಮಡಚಿ ಮೇಲೆ ಹಾಕಿ, ಮುಖ ದೂರ ಹಿಡಿದು ತಿರುಗಿಸಬೇಕು.

ಎಲ್ಲರಿಗೂ ಸೇರಿ ಒಂದು ಡಬ್ಬಿ ಇರಲಿ: ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರು, ಜಂಪರ್ ವೈರು, ಎಳೆಯುವ ಹಗ್ಗ, ಎರಡು ಕ್ಯಾನ್ ನೀರು. ಬೆಂಕಿ ಆರಿಸುವ ಸಿಲಿಂಡರು ಒಂದಲ್ಲ, ಎರಡು. ಇದಕ್ಕೆ ಕಾರಣವಿದೆ. ಈ ಗಾಡಿಗಳು ಹುಟ್ಟಿದ ಕಾಲದ ಪೆಟ್ರೋಲೇ ಬೇರೆ. ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು. ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತದ್ದು. ಹಳೆ ಕಾಲದ ರಬ್ಬರ್ ಪೈಪು, ಡಯಾಫ್ರಮ್ಮು, ಗ್ಯಾಸ್ಕೆಟ್ಟುಗಳಿಗೆ ಅದು ಒಗ್ಗದು. ಪೈಪು ಮೆತ್ತಗಾಗಿ ಬಿರುಕು ಬಿಟ್ಟರೆ, ಕಾದ ಸೈಲೆನ್ಸರ್ ಬುಡದ ಮೇಲೆ ಪೆಟ್ರೋಲ್ ಹನಿಯುತ್ತದೆ. ಎಥನಾಲ್ ನೀರನ್ನೂ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕೂ ಕಾರ್ಬುರೇಟರೂ ತುಕ್ಕು ಹಿಡಿಯುತ್ತವೆ. ಬಂದವರೆಲ್ಲ ಬಾನೆಟ್ ಎತ್ತಿ ಪೆಟ್ರೋಲ್ ಪೈಪನ್ನು ಬೆರಳಿನಿಂದ ಒತ್ತಿ ನೋಡುವುದೇ ಕೂಟದ ಮೊದಲ ಕೆಲಸವಾಗಲಿ. ಎಥನಾಲ್ ತಡೆಯುವ ಪೈಪು ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ, ಒಟ್ಟಿಗೆ ತರಿಸಿ ಹಂಚಿಕೊಳ್ಳಿ. ಹಳೆ ಗಾಡಿಗೆ ಓಡಾಟವೇ ಔಷಧಿ, ನಿಂತರೇ ಕಾಯಿಲೆ. ತಿಂಗಳಿಗೊಂದು ಕೂಟದಿಂದ ಆಗುವ ದೊಡ್ಡ ಉಪಕಾರ ಇದು.

ಇನ್ನು ನಿನ್ನನ್ನು ಕಾಡುತ್ತಿರುವ ಪ್ರಶ್ನೆ. ಗಾಡಿಯನ್ನು ತಗ್ಗಿಸಿ, ಅಗಲ ಟೈರು, ಜೋರು ಸೈಲೆನ್ಸರು ಹಾಕಿಸಿದ ಹುಡುಗರು ‘ನಾವೂ ಬರುತ್ತೇವೆ’ ಅನ್ನುತ್ತಿದ್ದಾರೆ. ಹಿರಿಯ ಮಾಲೀಕರು ‘ಅವರು ಬಂದರೆ ನಾವು ಬರುವುದಿಲ್ಲ’ ಅನ್ನುತ್ತಿದ್ದಾರೆ. ಹುಡುಗರನ್ನು ಕರೆ ಅಂತಲೇ ನನ್ನ ಮಾತು. ಅಮೆರಿಕದಲ್ಲಿ ಹಾಟ್ ರಾಡ್ ಅಂತ ಯಾವುದನ್ನು ಇವತ್ತು ಗೌರವದಿಂದ ಕಾಣುತ್ತಾರೋ ಅದು ಹುಟ್ಟಿದ್ದು ಇಂಥ ಹುಡುಗರಿಂದಲೇ. ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಕ್ಕ ಹಳೆ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳ ಮಡ್‌ಗಾರ್ಡು, ಬಂಪರು ಎಲ್ಲ ಕಿತ್ತು ಹಗುರ ಮಾಡಿ, ಇಂಜಿನ್ ತಿದ್ದಿ, ಮುರೋಕ್‌ನಂಥ ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕಾರಿಗೂ ವಿ8 ಇಂಜಿನ್ ಕೊಟ್ಟ ಮೇಲೆ ಆ ಹುಚ್ಚು ಇನ್ನೂ ಏರಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಬೀದಿಗೂ ಬಂತು, ಪೊಲೀಸರೂ ಜನರೂ ಸಿಟ್ಟಾದರು. ಆಗ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿ, ಓಟವನ್ನು ಬೀದಿಯಿಂದ ಬಿಡಿಸಿ ನಿಯಮವಿರುವ ಟ್ರ್ಯಾಕಿಗೆ ಒಯ್ದರು. ಬೈದು ಓಡಿಸಿದ್ದರೆ ಆ ಹುಡುಗರು ಬೀದಿಯಲ್ಲೇ ಉಳಿಯುತ್ತಿದ್ದರು.

ಅದೇ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಎಂಬ ಊರಿನ ಒಂದು ಡೋನಟ್ ಅಂಗಡಿ ಮುಂದೆ ಶನಿವಾರ ಬೆಳಗ್ಗೆ ಹಾಟ್ ರಾಡ್‌ಗಳು ದಶಕಗಳಿಂದ ಸೇರುತ್ತಿವೆ. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಬಹುಮಾನವಿಲ್ಲ. ಕಾಫಿ ಕುಡಿದು ಬಾನೆಟ್ ಎತ್ತಿ ಮಾತಾಡಿ ಮನೆಗೆ ಹೋಗುತ್ತಾರೆ. ನಮ್ಮ ಇಡ್ಲಿ ಹೋಟೆಲಿಗೂ ಇಷ್ಟೇ ಸಾಕು.

ಆದರೆ ಹುಡುಗರಿಗೆ ಕಾನೂನನ್ನೂ ತಿಳಿಸಿ ಹೇಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿದೆ. ಇಂಜಿನ್ ಬದಲಿಸಬೇಕಾದರೂ ಆರ್‌ಟಿಒ ಅನುಮತಿ ಬೇಕು. ವೇಗದ ಆಸೆ ಇರುವವರಿಗೆ ಕೊಯಮತ್ತೂರಿನ ಕಾರಿ ಟ್ರ್ಯಾಕು, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ಇವೆ. ನಿಮ್ಮ ಅಂಗಳದಲ್ಲಿ ಆಕ್ಸಿಲೇಟರ್ ತಿರುಚಿ ಸದ್ದು ಮಾಡುವುದು, ಟೈರು ಸುಡುವುದು ಕೂಡದು. ಮೊದಲ ಸಲ ಹೇಳು. ಎರಡನೇ ಸಲ ಮುಂದಿನ ತಿಂಗಳು ಬರಬೇಡ ಅನ್ನು. ಅದನ್ನು ಹೇಳುವವನು ಹಿರಿಯನಾಗಿರಬೇಕು, ಆ ಕೆಲಸ ನನಗೆ ಬಿಡು.

ಹಿರಿಯ ಮಾಲೀಕರಿಗೂ ಒಂದು ಮಾತಿದೆ. ಐವತ್ತು ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಈಗಾಗಲೇ ನೋಂದಣಿ ಇರುವ ಗಾಡಿ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ವಿಂಟೇಜ್ ಮಾಡಿಸದವರು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿರಬೇಕು. ಇನ್ಶೂರೆನ್ಸ್, ಎಮಿಷನ್ ಪತ್ರ ಇಲ್ಲದ ಗಾಡಿ ಕೂಟಕ್ಕೆ ಬರಬಾರದು. ಇಪ್ಪತ್ತಕ್ಕಿಂತ ಹೆಚ್ಚು ಗಾಡಿ ಆಗುವಂತಿದ್ದರೆ ಹತ್ತಿರದ ಠಾಣೆಗೆ ಒಂದು ಪತ್ರ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೋ.

ಬಹುಮಾನ ಬೇಡ ಅಂದೆ. ಯಾಕೆಂದರೆ ಅದು ಯಾವಾಗಲೂ ಹೊಸ ಪೇಂಟಿಗೆ ಹೋಗುತ್ತದೆ. ತಾತ ಕೊಂಡ ಫಿಯೆಟ್ಟನ್ನು ಗುಮಾಸ್ತೆಯ ಸಂಬಳದಲ್ಲಿ ಇವತ್ತಿಗೂ ಓಡಿಸುತ್ತಿರುವವನು, ಬಣ್ಣ ಮಾಸಿದ ತನ್ನ ಕಾರನ್ನು ಮುಂದಿನ ಸಲ ತರುವುದೇ ಇಲ್ಲ. ಅದರ ಬದಲು ಪ್ರತಿ ಗಾಡಿಯ ವೈಪರಿಗೆ ಒಂದು ಚೀಟಿ ಸಿಕ್ಕಿಸಿ: ಯಾವ ವರ್ಷದ್ದು, ಮೊದಲು ಕೊಂಡವರು ಏನು ಕೆಲಸದಲ್ಲಿದ್ದರು, ಈ ಗಾಡಿಯಲ್ಲಿ ಯಾವ ಮದುವೆಯ ದಿಬ್ಬಣ ಹೋಗಿತ್ತು, ಈಗ ಯಾವ ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ. ಮನೆಯ ಹೆಂಗಸರನ್ನು ಕೇಳಿ ಬರೆಸು. ಮಾಡೆಲ್ಲು, ವರ್ಷ ಗಂಡಸರಿಗೆ ಗೊತ್ತು. ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಹೋದದ್ದು ಈ ಕಾರಿನಲ್ಲೇ ಅನ್ನುವುದು ಅಮ್ಮನಿಗೆ ಗೊತ್ತು. ‘ಎಂವೈ’ ಅಂತ ಶುರುವಾಗುವ ನಂಬರ್ ಪ್ಲೇಟ್ ಇದ್ದರೆ ಮಕ್ಕಳನ್ನು ಕರೆದು ತೋರಿಸು. ನಮ್ಮ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದ ಕಾಲ ಅದರ ಮೇಲೆ ಇನ್ನೂ ಅಚ್ಚಾಗಿದೆ.

ದುಡ್ಡಿನ ಲೆಕ್ಕ ಚಿಕ್ಕದಿರಲಿ. ಅವರವರ ತಿಂಡಿ ಅವರವರದು, ಡಬ್ಬಿಯ ಸಾಮಾನಿಗೆ ವರ್ಷಕ್ಕೊಮ್ಮೆ ಸ್ವಲ್ಪ ಚಂದಾ. ಪ್ರಾಯೋಜಕರು ಬಂದರೆ ಕಾಫಿ ಕುಡಿಸಿ ಕಳಿಸು.

ಮೊದಲನೆಯ ಕೂಟವನ್ನು ಜನವರಿಯ ಮೊದಲ ಭಾನುವಾರಕ್ಕೆ ಇಟ್ಟುಕೋ. ದಸರೆಯ ಗದ್ದಲ ಮುಗಿದಿರುತ್ತದೆ, ಮಳೆಯಿಲ್ಲ, ಬೆಳಗಿನ ಚಳಿಗೆ ಇಂಜಿನ್ ಕಾಯುವ ಭಯವೂ ಕಡಿಮೆ. ಆಮೇಲೆ ಪ್ರತಿ ತಿಂಗಳು ಅದೇ ಮೊದಲ ಭಾನುವಾರ, ಅದೇ ಅಂಗಳ, ಅದೇ ಹೊತ್ತು. ಮೂರೇ ಗಾಡಿ ಬಂದರೂ ರದ್ದು ಮಾಡಬೇಡ. ಒಂದು ತಿಂಗಳು ತಪ್ಪಿದರೆ ಜನ ಕೇಳಿ ಬರುತ್ತಾರೆ, ಎರಡು ತಿಂಗಳು ತಪ್ಪಿದರೆ ಕೇಳುವುದನ್ನೇ ಬಿಡುತ್ತಾರೆ. ನಾಳೆಯೇ ಹೋಗಿ ಹೋಟೆಲಿನವರನ್ನು ಮಾತಾಡಿಸಿಕೊಂಡು ಬಾ.